ಹಲಗೆ ಬಿಗಿಯುವ ಏಡಿ

ಮಹಡಿಗೆ ಹಲಗೆ ಹಾಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಜಂತೆಗಳ ಮೇಲೆ ಹಲಗೆ ಇಟ್ಟು, ಅದರ ಅಂಚಿನ ನಾಲಿಗೆ ಹಿಂದಿನ ಹಲಗೆಯ ಕಾಲುವೆಯೊಳಗೆ ಪೂರ್ತಿ ಇಳಿಯುವ ತನಕ ಒಬ್ಬ ಹಾರೆ ಮೀಟಿ ಒತ್ತಬೇಕು. ಅವನು ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬ ಮೊಳೆ ಹೊಡೆಯಬೇಕು. ಒತ್ತುವವನು ಕೈ ಸಡಿಲ ಬಿಟ್ಟನೋ, ಹಲಗೆ ಹಿಂದಕ್ಕೆ ಸರಿದು ಸಂದು ಬಿಡುತ್ತದೆ. ಆಮೇಲೆ ಆ ಸಂದಿನಲ್ಲಿ ಭತ್ತ ಸೋರುತ್ತದೆ, ಕೆಳಗೆ ಉಣ್ಣಲು ಕೂತವರ ಎಲೆಗೆ ದೂಳು ಬೀಳುತ್ತದೆ, ಬೈಗುಳ ಆಚಾರಿಯ ಮನೆತನಕ್ಕೆ ಬರುತ್ತದೆ.

ಒಂಬತ್ತು ವರ್ಷ ನಾವಿಬ್ಬರು ಹಾಗೆ ಕೆಲಸ ಮಾಡಿದೆವು. ಅವನು ಒತ್ತುತ್ತಿದ್ದ, ನಾನು ಮೊಳೆ ಹೊಡೆಯುತ್ತಿದ್ದೆ.

ಅವನ ಬಗ್ಗೆ ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರಲಿಕ್ಕಿಲ್ಲ. ನಾನು ಬಿಳಗಿ ಕಡೆಯವನು, ಮದುವೆಯಾದ ಮೇಲೆ ಸಿದ್ದಾಪುರ ಪೇಟೆಯಂಚಿನಲ್ಲಿ ಮನೆ ಮಾಡಿದ್ದೆ. ಅವನು ಬನವಾಸಿ ಹತ್ತಿರದ ಒಂದು ಹಳ್ಳಿಯವನು, ನನಗಿಂತ ಆರೇಳು ವರ್ಷ ದೊಡ್ಡವನು. ಶಿರಸಿಯ ಕಟ್ಟಿಗೆ ಅಡ್ಡೆಯೊಂದರಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮತ್ತಿಯ ತೊಲೆ ಹೊರಳಿಸಲಾಗದೆ ಸೋತು ನಿಂತಿದ್ದಾಗ, ದಾರಿಯಲ್ಲಿ ಹೋಗುತ್ತಿದ್ದವನು ಚೀಲ ಕೆಳಗಿಟ್ಟು ಬಂದು ಹೆಗಲು ಕೊಟ್ಟ. ತೊಲೆ ಹೊರಳಿತು. ಅವತ್ತಿನಿಂದ ನಾವು ಜೊತೆ. ನನ್ನ ಹೆಂಡತಿಗೆ ಮೊದಲ ಹೆರಿಗೆ ಕಷ್ಟವಾದಾಗ ಆರು ಮೈಲಿ ನಡೆದು ಹೋಗಿ ಸೂಲಗಿತ್ತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದವನು ಅವನೇ. ಆ ಮಗಳು ಮಾತು ಕಲಿತ ಮೇಲೆ ಅವನನ್ನು ದೊಡ್ಡಪ್ಪ ಎಂದೇ ಕರೆದಳು.

ಕೆಲಸದಲ್ಲಿ ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಹಾರೆಯ ಮೇಲೆ ಮೈಭಾರ ಹಾಕಿ ಅವನು ಕೇಳುತ್ತಿದ್ದ, "ಕುಂತತೇನೋ?" ನಾನು ಸಂದಿಗೆ ಕಣ್ಣಿಟ್ಟು "ಇನ್ನೊಂದು ಕೂದಲು" ಅನ್ನುತ್ತಿದ್ದೆ. ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು. ನಾನು "ಕೂತಿತು" ಅಂದ ಕೂಡಲೇ ನನ್ನ ಸುತ್ತಿಗೆ ಬೀಳುತ್ತಿತ್ತು. ಕರನಿರಾಕರಣೆಯ ಗಲಾಟೆಯೆಲ್ಲ ತಣ್ಣಗಾಗಿ, ಜನ ಮತ್ತೆ ಮನೆ ಕಟ್ಟಿಸುವ ಧೈರ್ಯ ಮಾಡಿದ ವರ್ಷಗಳು ಅವು. ಸಿದ್ದಾಪುರದಿಂದ ಶಿರಸಿಯ ತನಕ ಅಟ್ಟ, ಮಹಡಿ, ಹಲಗೆಗೋಡೆ ಅಂದರೆ ನಮ್ಮನ್ನೇ ಕರೆಯುತ್ತಿದ್ದರು.

ಮನ್ಮನೆ ಎಂಬ ಊರಲ್ಲಿ ಒಂದು ಮನೆಯ ಭತ್ತದ ಅಟ್ಟ ಕಟ್ಟುವಾಗ ಅವನು ಬಿದ್ದ. ಗೋಡೆಗೆ ಹೊಸದಾಗಿ ಕೂರಿಸಿದ್ದ ಜಂತೆಯ ಮೇಲೆ ಕಾಲಿಟ್ಟ. ಜಂತೆ ಹೊರಳಿತು. ಎತ್ತರವೇನೂ ಇರಲಿಲ್ಲ, ಆದರೆ ಬಲಹೆಗಲು ಕೆಳಗಿದ್ದ ಒರಳಿನ ಅಂಚಿಗೆ ಬಡಿಯಿತು. ಆ ಜಂತೆಯನ್ನು ಕೂರಿಸಿದ್ದವನು ನಾನು. ಗೋಡೆಯ ಮಣ್ಣು ಇನ್ನೂ ಹಸಿಯಾಗಿತ್ತು, ಅದು ಒಳಗೆ ಕುಸಿದದ್ದು ನನಗೆ ಕಾಣುವ ಹಾಗಿರಲಿಲ್ಲ. ಅವತ್ತೂ ಹಾಗೇ ಅಂದುಕೊಂಡೆ, ಈಗಲೂ ಹಾಗೇ ಅಂದುಕೊಳ್ಳುತ್ತೇನೆ. ಅವನಂತೂ ಆ ವಿಷಯ ಎತ್ತಲೇ ಇಲ್ಲ. ಎಲುಬು ಕೂರಿಸುವ ನಾಟಿ ವೈದ್ಯರು ಕೈ ಎಳೆದು ಕೂರಿಸಿದರು, ಸೊಪ್ಪಿನ ಪಟ್ಟು ಕಟ್ಟಿದರು. ನೋವು ಹೋಯಿತು, ಬಲ ಬರಲಿಲ್ಲ. ಮೊಣಕೈಯಿಂದ ಕೆಳಗೆ ಎಲ್ಲ ಸರಿಯಿತ್ತು, ಹೆಗಲಿನಿಂದ ಒತ್ತುವುದು ಮಾತ್ರ ಹೋಗಿಬಿಟ್ಟಿತು.

ನಾಲ್ಕು ತಿಂಗಳು ಅವನು ಊರಲ್ಲೇ ಕೂತ. ನಾನು ನೋಡಲು ಹೋದಾಗೆಲ್ಲ ಅದೇ ಮಾತು. "ಬ್ಯಾರೆ ಯಾರನರ ನೋಡ್ಕೋ ತಮ್ಮಾ. ನನ್ನ ಕಾಲ ಮುಗೀತು."

"ನಿನ್ನ ಬಿಟ್ಟು ಯಾರ ಹತ್ರ ಮಾಡ್ಲಿ ಮಾರಾಯ? ಸುಮ್ನೆ ಇರು," ಅಂದೆ. ನಿಜಕ್ಕೂ ಬೇರೆಯವರನ್ನು ಕಟ್ಟಿಕೊಂಡು ಎರಡು ಕಡೆ ಮಾಡಿ ನೋಡಿದ್ದೆ. ಒಬ್ಬ ನಾನು ಹೇಳುವ ಮೊದಲೇ ಕೈ ಬಿಡುತ್ತಿದ್ದ, ಇನ್ನೊಬ್ಬ ಹಲಗೆಯ ನಾಲಿಗೆಯನ್ನೇ ಮುರಿದ. ಆಮೇಲೆ ನನ್ನ ಜೊತೆಗಾರನನ್ನೇ ಕರೆದುಕೊಂಡು ಬಂದು, ನಾನು ಒತ್ತಿ ಅವನು ಮೊಳೆ ಹೊಡೆಯುವ ಹಾಗೆ ಮಾಡಿದೆವು. ನಾನು ಸಣಕಲು ಮನುಷ್ಯ. ನಾಲ್ಕನೇ ಹಲಗೆಗೆ ನನ್ನ ಕಾಲು ನಡುಗುವುದನ್ನು ಅವನು ನೋಡಿದ. ಸುತ್ತಿಗೆ ಕೆಳಗಿಟ್ಟು, ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತ. ಅವನ ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಆಗ ಶಿರಸಿಯಲ್ಲಿ ಗಾಡಿ ಚಕ್ರಕ್ಕೆ ಪಟ್ಟಿ ಹಾಕುವ, ಮೋಟಾರುಗಳ ಸ್ಪ್ರಿಂಗ್ ಪಟ್ಟಿ ರಿಪೇರಿ ಮಾಡುವ ಒಬ್ಬ ಸಾಹೇಬರಿದ್ದರು. ಬಸ್ಸಿನವರೆಲ್ಲ ಅವರ ಕುಲುಮೆಯ ಮುಂದೆಯೇ ನಿಲ್ಲಿಸುತ್ತಿದ್ದರು. ಒಂದು ದಿನ ಉಳಿಗೆ ಹದ ಕೊಡಿಸಲು ಅಲ್ಲಿ ಕೂತಿದ್ದೆ. ಸಾಹೇಬರು ಕೆಂಪಗೆ ಕಾದ ಪಟ್ಟಿಯನ್ನು ಚಕ್ರಕ್ಕೆ ತೊಡಿಸುತ್ತಿದ್ದರು. ಪಟ್ಟಿ ಒಂದು ಕಡೆ ಹಿಡಿದುಕೊಂಡಿತು. ಅವರು ಕೊಕ್ಕೆಯಿದ್ದ ಒಂದು ಮೀಟುಗೋಲು ತಂದು, ಅದರ ಮೂತಿಯನ್ನು ಚಕ್ರದ ಕಟ್ಟಿಗೆಗೆ ಆನಿಸಿ, ಕೊಕ್ಕೆಯನ್ನು ಪಟ್ಟಿಗೆ ಸಿಗಿಸಿ, ಒಂದೇ ಕೈಯಲ್ಲಿ ಎಳೆದರು. ಅಷ್ಟು ದಪ್ಪ ಕಬ್ಬಿಣ ಪಳಗಿದ ಎತ್ತಿನ ಹಾಗೆ ಬಂದು ಕೂತಿತು.

ನಾನು ಎದ್ದು ನಿಂತೆ. "ಸಾಹೇಬ್ರೇ, ಇದೇ ತರದ್ದು, ಎಳೆಯೋದಲ್ಲ, ನೂಕೋದು ಮಾಡಿ ಕೊಡ್ತೀರಾ?"

"ಎಂತದ್ದನ್ನು ನೂಕೋದು?"

ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದೆ. ಮನೆಗೆ ಹೋಗಿ ಹಲಸಿನ ಕಟ್ಟಿಗೆಯಲ್ಲಿ ಅದರ ಅಚ್ಚು ಕೆತ್ತಿದೆ. ಜಂತೆಯನ್ನು ಎರಡೂ ಪಕ್ಕದಿಂದ ಅಪ್ಪಿ ಹಿಡಿಯುವ ಎರಡು ಕಾಲು, ನಡುವೆ ಹಲಗೆಯನ್ನು ಮುಂದೊತ್ತುವ ಒಂದು ಮೂತಿ, ಮೇಲೆ ಎಳೆಯಲು ಮೊಳದುದ್ದದ ಹಿಡಿ. ಸಾಹೇಬರು ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ಮಾಡಿದ ಮೊದಲನೆಯದು ಜಂತೆಯ ಮೇಲೆ ಜಾರಿತು. ಅವರು ಗಡ್ಡ ತುರಿಸಿಕೊಂಡು, "ಇದಕ್ಕೆ ಹಲ್ಲು ಬೇಕು ಮಿಸ್ತ್ರಿ. ಹಲ್ಲಿಲ್ಲದ ಬಾಯಿ ಏನು ಕಚ್ಚತದೆ?" ಅಂದರು. ಎರಡನೆಯದರ ಹಲ್ಲು ಕಚ್ಚಿತು, ಹಿಡಿ ಬಾಗಿತು. ಮೂರನೆಯದು ಒತ್ತಿತು, ಆದರೆ ಹಿಡಿ ಬಿಟ್ಟ ಕೂಡಲೇ ಹಿಂದೆ ಬಂತು. ನನಗೆ ಬೇಕಿದ್ದದ್ದು ಒತ್ತಿದ ಮೇಲೆ ಹಾಗೇ ನಿಲ್ಲುವಂಥದ್ದು. ನಾಲ್ಕನೆಯ ಸಲ ಸಾಹೇಬರು ಬಾವಿಯ ರಾಟೆಗೆ ಹಾಕುವಂಥ ಒಂದು ಸಣ್ಣ ತಡೆಗೊಕ್ಕೆ ಸೇರಿಸಿದರು. ಹಿಡಿ ಎಳೆದರೆ ಟಕ್ ಟಕ್ ಎಂದು ಕಚ್ಚಿಕೊಳ್ಳುತ್ತ ಮುಂದೆ ಹೋಗುತ್ತಿತ್ತು, ಕೈ ಬಿಟ್ಟರೂ ನಿಲ್ಲುತ್ತಿತ್ತು. ಬೇಕಾದಾಗ ಹೆಬ್ಬೆರಳಲ್ಲಿ ತಡೆ ಎತ್ತಿದರೆ ಬಿಡುತ್ತಿತ್ತು.

ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಮಾರನೆಯ ದಿನವೇ ಅವನ ಊರಿಗೆ ಹೋದೆ. ಅವನ ಮನೆಯ ಹಿಂದೆ ಎರಡು ಜಂತೆ ಹಾಕಿ, ಮೂರು ಹಲಗೆ ಇಟ್ಟು, "ಎಡಗೈಯಲ್ಲಿ ಎಳಿ" ಅಂದೆ.

ಅವನು ಅನುಮಾನದಿಂದಲೇ ಎಳೆದ. ಟಕ್, ಟಕ್. ಹಲಗೆ ನೀರಿನ ಮೇಲೆ ಜಾರಿದ ಹಾಗೆ ಹೋಗಿ ಕೂತಿತು. ಅವನು ಕೈ ತೆಗೆದ. ಹಲಗೆ ಅಲುಗಲಿಲ್ಲ. ಬಗ್ಗಿ ಸಂದಿಗೆ ಉಗುರು ಹಾಕಿ ನೋಡಿದ, ಉಗುರು ಇಳಿಯಲಿಲ್ಲ. "ಏ, ಇಲ್ಲಿ ಬಾರ!" ಎಂದು ಹೆಂಡತಿಯನ್ನು ಕೂಗಿದ. ಆಕೆ ಸೆರಗಿಗೆ ಕೈ ಒರೆಸುತ್ತ ಬಂದು ನೋಡಿ, "ಏಡಿ ಕಚ್ಚಿದಂಗ ಕಚ್ಚೇತಲ್ರಿ" ಎಂದು ನಕ್ಕರು. ಅದಕ್ಕೆ ಏಡಿ ಎಂಬ ಹೆಸರು ಹಾಗೆ ಬಂತು. ಅವನು ನಗಲಿಲ್ಲ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. "ನನಗ ಹೊಸ ಹೆಗಲ ಕೊಟ್ಟಿ ತಮ್ಮಾ," ಅಂದ.

"ನಿನಗಂತಲೇ ಮಾಡ್ಸಿದ್ದು. ನಿನ್ನ ಹತ್ರವೇ ಇರಲಿ," ಅಂದೆ. ಹೇಳಿದ್ದು ನಾನೇ, ಆ ಮಾತನ್ನು ನುಂಗುವ ಹಾಗಿಲ್ಲ.

ಮತ್ತೆ ಜೊತೆಯಲ್ಲಿ ಕೆಲಸ ಶುರುವಾಯಿತು. ಅವನು ಏಡಿ ಎಳೆಯುವುದು, ನಾನು ಮೊಳೆ ಹೊಡೆಯುವುದು. ಕೆಲಸ ಮೊದಲಿಗಿಂತ ಚೆಂದ ಬಂತು, ಬೇಗವೂ ಮುಗಿಯಿತು. ಹಲಗೆ ಕೂತ ಮೇಲೆ ಅದು ತಾನೇ ಹಿಡಿದುಕೊಂಡಿರುತ್ತದೆ, ಎಳೆದವನ ಕೈ ಖಾಲಿ, ಅಂದಮೇಲೆ ಮೊಳೆ ಹೊಡೆಯಲು ಇನ್ನೊಬ್ಬ ಯಾಕೆ ಎಂಬ ಪ್ರಶ್ನೆ ನನ್ನ ತಲೆಗೆ ಒಮ್ಮೆಯೂ ಬರಲಿಲ್ಲ. ಅವನ ತಲೆಗೆ ಬಂತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಏಡಿ ಬಂದ ಮೇಲೆ ನಾವು ಹಾಸಿದ ಮೊದಲ ನೆಲ ಶಿರಸಿಯ ಒಂದು ಅಂಗಡಿಯ ಅಟ್ಟ. ಮಳೆಗಾಲದಲ್ಲಿ ಅದರ ಒಂದು ಹಲಗೆ ಮೇಲೆದ್ದಿತು. ಅವನು ಆಗ ಬಿತ್ತನೆಗೆ ಊರಿಗೆ ಹೋಗಿದ್ದ. ನಾನೊಬ್ಬನೇ ಹೋಗಿ ನೋಡಿದೆ, ಕೂಡಲೇ ಅರ್ಥವಾಯಿತು. ಹಾರೆಯಲ್ಲಿ ಒತ್ತಿದ ನೆಲದಲ್ಲಿ ಹಲಗೆ ಹಲಗೆಯ ನಡುವೆ ಕಣ್ಣಿಗೆ ಕಾಣದ ಸಡಿಲ ಇರುತ್ತದೆ. ಮಳೆಗಾಲದ ತೇವ ಕುಡಿದು ಕಟ್ಟಿಗೆ ಉಬ್ಬಿದಾಗ ಆ ಸಡಿಲ ಅದನ್ನು ನುಂಗಿಕೊಳ್ಳುತ್ತದೆ. ಏಡಿ ಅಂಥ ಸಡಿಲವನ್ನೇ ಬಿಡುವುದಿಲ್ಲ. ಉಬ್ಬಿದ ಕಟ್ಟಿಗೆಗೆ ಮೇಲೇಳುವುದು ಬಿಟ್ಟರೆ ದಾರಿಯಿಲ್ಲ. ಅವತ್ತಿನಿಂದ ನಾನು ಗೋಡೆಯ ಬುಡದಲ್ಲಿ ಒಂದು ಬೆರಳಗಲ ಜಾಗ ಬಿಟ್ಟು, ಮೇಲೊಂದು ಪಟ್ಟಿ ಹೊಡೆದು ಮುಚ್ಚುವುದು ರೂಢಿ ಮಾಡಿಕೊಂಡೆ. ಗೋಡೆಯ ಹತ್ತಿರ ಏಡಿ ಹಿಡಿಸುವುದಿಲ್ಲ, ಕೊನೆಯ ಸಾಲನ್ನು ಕೈಯಲ್ಲೇ ಕೂರಿಸಬೇಕು. ಅದು ಯಾವಾಗಲೂ ನನ್ನ ಪಾಲಿನ ಕೆಲಸ. ಅವನು ಆ ಹೊತ್ತಿಗೆ ಕೆಳಗಿಳಿದು ಕೈಕಾಲು ತೊಳೆಯಲು ಹೋಗಿರುತ್ತಿದ್ದ. ಜಾಗ ಯಾಕೆ ಬಿಡುತ್ತೇನೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳುವ ಪ್ರಸಂಗ ಬರಲಿಲ್ಲ ಅಷ್ಟೆ.

ಅದರ ಮರುವರ್ಷ ಯಲ್ಲಾಪುರದ ಕಟ್ಟಿಗೆ ವ್ಯಾಪಾರಿಯೊಬ್ಬರು ಮಹಡಿಮನೆ ಕಟ್ಟಿಸಲು ಹೊರಟರು. ಮೇಲೆ ಎರಡು ಕೋಣೆ, ಒಂದು ದೊಡ್ಡ ಪಡಸಾಲೆ, ರಸ್ತೆಯ ಕಡೆಗೆ ಪೂರ್ತಿ ಹಲಗೆಗೋಡೆ. ನಮ್ಮಿಬ್ಬರಿಗೂ ಹೇಳಿಕಳಿಸಿದ್ದರು. ಅಷ್ಟು ದೊಡ್ಡ ಕೆಲಸ ನಮಗೆ ಸಿಕ್ಕಿರಲಿಲ್ಲ. ನನ್ನ ಹೆಂಡತಿಗೆ ಜ್ವರವಿತ್ತು, "ನಾ ಹೋಗಿ ಮಾತಾಡಿ ಬರತೀನಿ, ನೀ ಮನ್ಯಾಗಿರು" ಎಂದು ಅವನು ಹೋದ. ನಾಲ್ಕು ದಿನ ಬಿಟ್ಟು ಬಂದ. ನಮ್ಮ ಜಗಲಿಯ ಮೇಲೆ ಕೂತು, ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ, "ಆಗಲಿಲ್ಲೋ. ಅವ್ರು ಕುಮಟಾ ಕಡೆ ಮಂದೀನ ಗೊತ್ತ ಮಾಡ್ಯಾರ."

ನನಗೆ ಬೇಸರವಾಯಿತು. ಅವನಿಗೇ ಹೆಚ್ಚು ಬೇಸರವಾಗಿರಬೇಕೆಂದು, "ಹೋಗ್ಲಿ ಬಿಡು, ಬೇರೆ ಬರ್ತದೆ" ಎಂದು ಸಮಾಧಾನ ಹೇಳಿದೆ. ಹೆಗಲು ಮತ್ತೆ ನೋಯುತ್ತಿದೆ, ಬೇಸಿಗೆ ಕಳೆಯುವ ತನಕ ಊರಲ್ಲಿರುತ್ತೇನೆ ಅಂದ. ಹೊರಡುವಾಗ ಏಡಿಯ ಗೋಣಿ ಎತ್ತಿಕೊಂಡ. ಅದು ಅವನದೇ. ನಾನೇನೂ ಅಂದುಕೊಳ್ಳಲಿಲ್ಲ.

ನಾನು ಸಿದ್ದಾಪುರದಲ್ಲಿ ಬಾಗಿಲು ಕಿಟಕಿಗಳ ಸಣ್ಣ ಕೆಲಸ ಹಿಡಿದೆ. ಎರಡು ತಿಂಗಳ ಮೇಲೆ ಶಿರಸಿಗೆ ಹೋದವನು ಸಾಹೇಬರ ಕುಲುಮೆಗೆ ಹೊಕ್ಕೆ. ಅವರು ನನ್ನನ್ನು ನೋಡಿ ಸುತ್ತಿಗೆ ನಿಲ್ಲಿಸಿದರು.

"ಅರೇ, ನೀವು ಇಲ್ಲಿದ್ದೀರಾ? ಯಲ್ಲಾಪುರದಲ್ಲಿ ಇದ್ದೀರಿ ಅಂತ ತಿಳ್ಕೊಂಡಿದ್ದೆ."

"ಯಲ್ಲಾಪುರದಲ್ಲಿ ನನಗೆಂತ ಕೆಲಸ?"

"ನಿಮ್ಮ ಜೋಡೀದಾರ ಬಂದಿದ್ದ. ಏಡಿಯ ಹಲ್ಲು ಮಸೆಸಿಕೊಂಡು ಹೋದ. ದೊಡ್ಡ ಮಹಡಿ ಕೆಲಸ ನಡೆದಿದೆ ಅಂದ." ಅವರು ದನಿ ತಗ್ಗಿಸಿದರು. "ಇನ್ನೊಂದು ಮಾತು ಹೇಳಿದ. ಇಂಥದ್ದು ಮತ್ತೆ ಯಾರಿಗೂ ಮಾಡಿಕೊಡಬೇಡಿ ಅಂತ."

"ಯಾರಿಗೂ ಅಂದ್ರೆ?"

ಸಾಹೇಬರು ಕುಲುಮೆಯ ಬೆಂಕಿಯನ್ನೇ ನೋಡುತ್ತ, "ನಿಮಗೂ ಅಂತಲೇ ನನಗೆ ಕಂಡಿತು ಮಿಸ್ತ್ರಿ," ಅಂದರು.

ಅವತ್ತು ಮನೆಗೆ ಹೋಗಲಿಲ್ಲ. ಅಲ್ಲಿಂದಲೇ ಯಲ್ಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನ ಪರವಾಗಿ ನಾನೇ ಏನೇನೋ ಕಾರಣ ಹುಡುಕಿದೆ. ಕುಮಟಾದವರು ಕೈಕೊಟ್ಟಿರಬೇಕು, ಅವಸರದಲ್ಲಿ ಕರೆಸಿರಬೇಕು, ನನಗೆ ಹೇಳಿಕಳಿಸಿದ್ದು ತಲುಪಿರಲಿಕ್ಕಿಲ್ಲ, ಹೆಂಡತಿಗೆ ಜ್ವರ ಎಂದು ಬಿಟ್ಟಿರಬೇಕು. ಬಸ್ಸು ಇಳಿಯುವ ಹೊತ್ತಿಗೆ ಅದನ್ನೆಲ್ಲ ಅರ್ಧ ನಂಬಿಯೂ ಬಿಟ್ಟಿದ್ದೆ.

ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಏಣಿ ಹತ್ತಿ ಮೇಲೆ ತಲೆ ಹಾಕಿದೆ. ಪಡಸಾಲೆಯ ಅರ್ಧಕ್ಕೆ ಹಲಗೆ ಬಿದ್ದಿತ್ತು. ಅವನು ಜಂತೆಗಳಿಗೆ ಕಾಲು ಚಾಚಿ ಕೂತಿದ್ದ. ಎಡಗೈಯಲ್ಲಿ ಏಡಿ ಎಳೆದ, ಟಕ್ ಟಕ್. ಕೈ ಬಿಟ್ಟ. ಅದೇ ಎಡಗೈಯಲ್ಲಿ ಮೊಳೆ ಇಟ್ಟ. ಬಲಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಮಣಿಕಟ್ಟಿನಿಂದಲೇ ಸುತ್ತಿಗೆ ಆಡಿಸಿ ಮೂರೇಟಿಗೆ ಇಳಿಸಿದ. ಆಮೇಲೆ ಮುಂದಿನ ಜಂತೆಗೆ ಸರಿದ. ಸುತ್ತ ಯಾರೂ ಇರಲಿಲ್ಲ. ಯಾರೂ ಬೇಕಾಗಿರಲಿಲ್ಲ. ನಾನು ಏಣಿಯ ಮೇಲೆ ನಿಂತು ನೋಡುತ್ತಲೇ ಇದ್ದೆ. ಆ ವಿದ್ಯೆಯನ್ನು ಅವನು ಒಂದೆರಡು ದಿನದಲ್ಲಿ ಕಲಿತದ್ದಲ್ಲ. ನನ್ನ ಜೊತೆಗಿದ್ದಾಗಲೇ, ನಾನು ಕಾಣದಿದ್ದಾಗ, ಅಭ್ಯಾಸ ಮಾಡಿಕೊಂಡಿದ್ದಾನೆ ಎಂದು ಗೊತ್ತಾಯಿತು.

ಅವನು ತಲೆಯೆತ್ತಿ ನನ್ನನ್ನು ಕಂಡ. ನಾನು ಮೇಲೆ ಹತ್ತಿ ಅವನ ಹತ್ತಿರ ಹೋದೆ. ಅಷ್ಟರಲ್ಲಿ ನನ್ನ ಹಿಂದೆಯೇ ವ್ಯಾಪಾರಿ ಏಣಿ ಹತ್ತಿ ಬಂದರು. ಬಾಯಿತುಂಬ ಎಲೆ ಇತ್ತು, ಖುಷಿಯಲ್ಲಿದ್ದರು.

"ಯಾರಿವರು? ಕೆಲಸ ನೋಡೋಕೆ ಬಂದ್ರಾ? ನೋಡಿ, ನೋಡಿ. ಇಂಥ ಕೆಲಸಗಾರನ್ನ ಈ ತಾಲೂಕಿನಲ್ಲಿ ನೀವು ಕಂಡಿರಲಿಕ್ಕಿಲ್ಲ. ಒಂದು ಕೈಯಲ್ಲಿ ಇಬ್ಬರ ಕೆಲಸ ಮಾಡ್ತಾನೆ. ಆ ಹತಾರ ನೋಡಿದ್ರಾ? ಅದು ಇವನದೇ ತಲೆ!"

ನಾನು ಅವನನ್ನು ನೋಡಿದೆ. ಈಗ ಹೇಳುತ್ತಾನೆ ಅಂದುಕೊಂಡೆ. ಅವನು ಮೊಳೆಯ ಡಬ್ಬಿಯೊಳಗೆ ಬೆರಳಾಡಿಸುತ್ತಿದ್ದ.

"ಯಾರು ಇವರು ಮಿಸ್ತ್ರಿ, ಪರಿಚಯದವರಾ?" ವ್ಯಾಪಾರಿ ಮತ್ತೆ ಕೇಳಿದರು.

"ನಮ್ಮ ಕಡ್ಯಾಂವ್ರಿ," ಅಂದ ನನ್ನ ಜೊತೆಗಾರ. "ಮೊದಲ ನನ್ನ ಕೂಡ ಕೀಸುಳಿ ಹಿಡಿತಿದ್ದ."

ಹತ್ತು ವರ್ಷಕ್ಕೂ ಹೆಚ್ಚು ಜೊತೆಗೆ ದುಡಿದವನನ್ನು, ಹಲಗೆ ನಯ ಮಾಡುತ್ತಿದ್ದ ಕೂಲಿಯಾಳು ಎಂದ. ವ್ಯಾಪಾರಿಗೆ ಏನನ್ನಿಸಿತೋ, ಯಾರೋ ಕರೆದರೆಂದು ಕೆಳಗಿಳಿದು ಹೋದರು.

"ಎಂತಕ್ಕೆ ಹೀಗೆ ಮಾಡ್ದೆ?" ಅಂದೆ.

ಅವನು ಸುತ್ತಿಗೆ ಕೆಳಗಿಟ್ಟ. "ನಿನಗ ತಿಳೀಲಿಕ್ಕಿಲ್ಲ. ಹೆಗಲ ಹ್ವಾದ ಮ್ಯಾಲ ಎಲ್ಲಾರೂ ಏನಂತಿದ್ರು ಗೊತ್ತೈತೇನು? ಆಂವ ಪುಣ್ಯಾತ್ಮ, ಕೈಲಾಗದಾಂವನ್ನ ಸಾಕತಾನ ಅಂತಿದ್ರು. ನನ್ನ ಹೇಣ್ತಿನೂ ಅಂದ್ಲು. ನಿನ್ನ ಕನಿಕರ ಉಂಡು ಉಂಡು ಗಂಟಲ ಕಟ್ಟಿತ್ತು ನನಗ."

"ಕನಿಕರ ಅಂತ ನಾನು ಯಾವತ್ತಾದ್ರೂ ಅಂದಿದ್ನಾ?"

"ಅನ್ನಬೇಕೇನು? ಈ ಏಡಿ ನನಗಂತ ಮಾಡಿಸಿದಿ ಹೌದಿಲ್ಲೋ? ಕೊಟ್ಟಿ ಹೌದಿಲ್ಲೋ? ಕೊಟ್ಟ ಮ್ಯಾಲ ನಂದು. ನಂದರಾಗ ನಾ ದುಡೀತೀನಿ."

"ದುಡಿ. ಸುಳ್ಳು ಎಂತಕ್ಕೆ ಹೇಳ್ದೆ? ನನ್ನ ಜಗಲಿ ಮೇಲೆ ಕೂತು, ನನ್ನ ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು?"

ಉತ್ತರವಿಲ್ಲದಿದ್ದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. "ಮನ್ಮನ್ಯಾಗ ಆ ಜಂತಿ ಕುಂದ್ರಿಸಿದಾಂವ ನೀನ," ಅಂದ. "ಇಷ್ಟು ದಿನಾ ಬಾಯಿ ಬಿಟ್ಟೇನೇನು?"

ಎರಡು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಮನೆಯಲ್ಲಿ ಉಂಡಿದ್ದ ಎಂದು ಗೊತ್ತಾದಾಗ, ಕೆಲಸ ಹೋದದ್ದು, ಏಡಿ ಹೋದದ್ದು ಯಾವುದೂ ಅದರ ಮುಂದೆ ದೊಡ್ಡದೆನಿಸಲಿಲ್ಲ. ನಾನು ತಿರುಗಿದೆ. ಏಣಿಯ ಕಡೆ ಹೋಗಬೇಕಾದರೆ ಮುಗಿಸಿದ್ದ ಒಂದು ಕೋಣೆಯ ಬಾಗಿಲನ್ನು ದಾಟಬೇಕು. ನಂದಿ ಮರದ ಹಲಗೆ, ಬೇಸಿಗೆಯ ಬಿಸಿಲಿಗೆ ಹಪ್ಪಳದ ಹಾಗೆ ಒಣಗಿದ್ದವು. ಕೆಲಸ ನಿಜಕ್ಕೂ ಚೆಂದವಿತ್ತು. ನನ್ನ ಕಣ್ಣು ಅಭ್ಯಾಸದಂತೆ ಗೋಡೆಯ ಬುಡಕ್ಕೆ ಹೋಯಿತು. ಕೊನೆಯ ಹಲಗೆಯನ್ನು ಬೆಣೆ ಹೊಡೆದು ಗೋಡೆಗೆ ಜಡಿದಿದ್ದ. ಆಚೆ ಗೋಡೆಗೂ ಹಾಗೆಯೇ.

ನಾನು ನಿಂತದ್ದನ್ನು ಕಂಡು ಅವನು ತಪ್ಪು ತಿಳಿದ. ನಾನು ಮೆಚ್ಚಿದೆನೆಂದುಕೊಂಡ. ಅಷ್ಟೆಲ್ಲ ಆದ ಮೇಲೂ ಅವನ ದನಿಯಲ್ಲಿ ಹಳೆಯ ಹುರುಪು ಬಂತು. "ನೋಡು, ಗ್ವಾಡಿ ಕಡೇನೂ ಕೂದಲ ಸೇರಂಗಿಲ್ಲ."

ನನ್ನ ಬಾಯಿಗೆ ಮಾತು ಬಂತು. ಮಳೆಗೆ ಇದು ಏಳುತ್ತದೆ ಮಾರಾಯ, ಗೋಡೆ ಕಡೆ ಹಲಗೆಯನ್ನ ಒಂದು ಬೆರಳಗಲ ಕತ್ತರಿಸು, ಅಷ್ಟೇ ಹೇಳಬೇಕಿತ್ತು. ಪಡಸಾಲೆ ಇನ್ನೂ ಅರ್ಧವಾಗಿತ್ತು, ಕೋಣೆಗಳನ್ನು ಸರಿಮಾಡಲು ಒಂದು ದಿನ ಸಾಕಿತ್ತು. ಬಾಯಿ ತೆರೆದೆ.

"ಏನು?" ಅಂದ.

"ಏನಿಲ್ಲ," ಅಂದೆ. ಏಣಿ ಇಳಿದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ, ಗೋಡೆಯ ಬುಡದ ವಿಷಯ ಒಂದನ್ನು ಬಿಟ್ಟು. ಅವಳು, "ಮಗಳು ಕೇಳಿದ್ರೆ ಎಂತ ಹೇಳೋದು?" ಅಂದಳು. ಮಗಳು ಮುಂದೆ ಎಷ್ಟೋ ಸಲ ಕೇಳಿದಳು, ದೊಡ್ಡಪ್ಪ ಯಾವಾಗ ಬರ್ತಾನೆ ಅಂತ. ಅವನಿಗೆ ಕೆಲಸವಿದೆ ಎಂದೆವು. ಕೆಲವು ತಿಂಗಳ ಮೇಲೆ ಕೇಳುವುದು ಬಿಟ್ಟಳು.

ಆ ವರ್ಷ ಮಳೆ ಬೇಗ ಹಿಡಿಯಿತು. ಮೊದಲ ಹದಿನೈದು ದಿನ ನಾನು ಕಾಯುತ್ತಿದ್ದೆ ಎಂದು ಹೇಳಿದರೆ ಸುಳ್ಳಲ್ಲ. ಒಂದು ಮನಸ್ಸು ಏಳಲಿ ಎಂದಿತು, ಇನ್ನೊಂದು ಮನಸ್ಸು ಈಗಲಾದರೂ ಹೋಗಿ ಹೇಳು ಎಂದಿತು. ಹೋಗಲಿಲ್ಲ. ಆಷಾಢದಲ್ಲಿ ಯಲ್ಲಾಪುರದಿಂದ ಆಳು ಬಂದ. ಶಿರಸಿಯ ಸಾಹೇಬರು ನನ್ನ ಹೆಸರು ಹೇಳಿದ್ದರಂತೆ.

ಹೋಗಿ ನೋಡಿದರೆ, ಪಡಸಾಲೆಯ ನೆಲ ಮಗುಚಿದ ದೋಣಿಯ ಹಾಗೆ ನಡುವಿನಲ್ಲಿ ಎದ್ದು ನಿಂತಿತ್ತು. ಒಂದು ಕೋಣೆಯ ಬಾಗಿಲು ನೆಲಕ್ಕೆ ತಾಗಿ ತೆರೆಯುತ್ತಿರಲಿಲ್ಲ. ರಸ್ತೆಯ ಕಡೆಯ ಹಲಗೆಗೋಡೆ ಹೊರಕ್ಕೆ ಉಬ್ಬಿತ್ತು. ವ್ಯಾಪಾರಿ ಅವನನ್ನು ಕರೆಸಿ, ಕೆಳಗೆ ಅಂಗಡಿಗೆ ಬಂದ ಜನರೆದುರು, ಬಾಯಿಗೆ ಬಂದ ಹಾಗೆ ಬೈದಿದ್ದರು. ಅವನು ತಾನೇ ಸರಿಮಾಡುತ್ತೇನೆಂದು ಎರಡು ದಿನ ಹೆಣಗಿದನಂತೆ. ಯಾಕೆ ಹೀಗಾಯಿತೆಂದು ಅವನಿಗೆ ತಿಳಿಯಲಿಲ್ಲ. ಎದ್ದ ಹಲಗೆಗೆ ಇನ್ನಷ್ಟು ಮೊಳೆ ಹೊಡೆದಿದ್ದ, ಹಲಗೆ ಸೀಳಿತ್ತು. ಮೂರನೆಯ ದಿನ ಬೆಳಿಗ್ಗೆ ಆಳುಗಳು ಬಂದು ನೋಡಿದಾಗ ಏಡಿ ಸಮೇತ ಹೊರಟುಹೋಗಿದ್ದ.

ನಾನು ಗೋಡೆಯ ಬುಡದ ಹಲಗೆಗಳನ್ನು ಉಳಿಯಿಂದ ಕೊರೆದು ತೆಗೆದೆ. ಕೊನೆಯದನ್ನು ಬಿಡಿಸಿದಾಗ ಇಡೀ ನೆಲ ನರಳಿದ ಹಾಗೆ ಸದ್ದು ಮಾಡಿ ಒಂದು ಗೇಣು ತಗ್ಗಿತು. ಉಳಿದದ್ದು ಹತ್ತು ಹನ್ನೆರಡು ದಿನದಲ್ಲಿ ತಾನೇ ಕೂತುಕೊಂಡಿತು. ಸೀಳಿದ ನಾಲ್ಕಾರು ಹಲಗೆ ಬದಲಿಸಿದೆ. ಉಳಿದ ಯಾವ ಸಂದಿನಲ್ಲೂ ನನಗೆ ತಪ್ಪು ಹುಡುಕಲಾಗಲಿಲ್ಲ.

"ಆ ಹತಾರ ನಾನು ಕಂಡುಹಿಡಿದದ್ದು," ಎಂದು ವ್ಯಾಪಾರಿಗೆ ಹೇಳಿದೆ. ಅಷ್ಟು ದಿನದಿಂದ ಗಂಟಲಲ್ಲಿದ್ದ ಮಾತು. ಅವರು ಅಡಿಕೆ ಕತ್ತರಿಸುತ್ತ, "ಹೌದಾ?" ಅಂದರು. "ಯಾರದೋ ಆಗ್ಲಿ ಮಾರಾಯ್ರೆ, ನನ್ನ ಬಾಗಿಲು ತೆಗೆಯೋ ಮುಚ್ಚೋ ಹಂಗಾಯ್ತಲ್ಲ, ಅಷ್ಟು ಸಾಕು."

ದೀಪಾವಳಿ ಕಳೆದ ಮೇಲೆ ನಾನು ಅವನ ಊರಿಗೆ ಹೋದೆ. ಯಾಕೆ ಹೋದೆನೆಂದು ಸರಿಯಾಗಿ ಹೇಳಲಾರೆ. ಬೈಯಲೂ ಅಲ್ಲ, ಕ್ಷಮೆ ಕೇಳಲೂ ಅಲ್ಲ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಬರ್ರಿ," ಅಂದರು, ಆದರೆ ಬಾಗಿಲು ಬಿಟ್ಟು ಸರಿಯಲಿಲ್ಲ.

"ಇದ್ದಾನಾ?"

"ಇಲ್ಲ. ಹಾವೇರಿ ಕಡೆ ಹತ್ತಿ ಜಿನ್ನಿಗೆ ಹೋಗ್ಯಾರ. ಹತ್ತಿ ಮೂಟಿ, ಅಂಡಗಿ ಎಣಿಸೋ ಕೆಲಸಂತ. ಉಳಿ ಬಾಚಿ ಎಲ್ಲಾ ಕೊಟ್ಟಬಿಟ್ರು. ಆ ಏಡೀನ ವರದಾ ಹೊಳೀಗ ಒಗದ ಬಂದ್ರು." ಆಕೆ ನನ್ನ ಮುಖ ನೋಡಿದರು. "ಒಂದ ಮಾತ ಕೇಳತೀನಿ. ಅವ್ರು ಅಂತಾರ, ಅವತ್ತು ನೀವು ಬಂದಾಗ ಹಲಗಿ ಏಳತಾವಂತ ನಿಮಗ ಗೊತ್ತಿತ್ತಂತ. ಗೊತ್ತಿದ್ದೂ ಹೇಳಲಿಲ್ಲಂತ. ಖರೇನೇನ್ರಿ?"

ನಿಮ್ಮ ಗಂಡ ನನಗೆ ಮಾಡಿದ್ದು ಗೊತ್ತಾ ಎಂದು ಕೇಳಬಹುದಿತ್ತು. ನಾಲಗೆಯ ತುದಿಯಲ್ಲೇ ಇತ್ತು. ಆದರೆ ಆಕೆ ಕೇಳಿದ್ದು ಅದನ್ನಲ್ಲ.

"ಖರೆ," ಅಂದೆ. "ಗೊತ್ತಿತ್ತು."

ಆಕೆ ಅಳಲಿಲ್ಲ, ಬೈಯಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು, "ಬಿಸಲಾಗ ಬಂದೀರಿ. ಉಂಡ ಹೋಗ್ರಿ," ಅಂದರು.

ಒಳಗೆ ಹೋಗಿ ಕೂತೆ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಹಾಕಿದರು. ಎರಡು ರೊಟ್ಟಿ ತಿಂದೆ. ಮೂರನೆಯದನ್ನು ಕೇಳದೆ ಹಾಕಿದರು. ನೀರು ಕುಡಿದು ಅದನ್ನೂ ತಿಂದು ಮುಗಿಸಿದೆ. ಕೈತೊಳೆದು ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಆಕೆ ಹೊಸ್ತಿಲ ಒಳಗಿನಿಂದಲೇ, "ಇನ್ನ ಬರಬ್ಯಾಡ್ರಿ," ಅಂದರು.

ನಾನು ಮತ್ತೆ ಆ ಊರಿಗೆ ಹೋಗಲಿಲ್ಲ.